ಗಿರಣಿ ಹುಡುಗಿಯರ ಗೆಳೆತನ ಮತ್ತು ಮದುವೆ: 19ನೇ ಶತಮಾನದ ಲೋವೆಲ್ ಬಗ್ಗೆ ಮಾತಾಡೋಣ

ಸುಧಾ, ಚೆಲ್ಮ್ಸ್‌ಫರ್ಡ್ (ಮ್ಯಾಸಚೂಸೆಟ್ಸ್, ಅಮೆರಿಕ)

ನಾವಿರುವ ಊರಿನ ಪೂರ್ವದ ಭಾಗವನ್ನು ಬೇರೆ ಮಾಡಿಯೇ 1826ರಲ್ಲಿ ಲೋವೆಲ್ ಪಟ್ಟಣ ಮಾಡಿದ್ದು. ಅಲ್ಲಿ ಮೆರಿಮ್ಯಾಕ್ ನದಿಗೆ ಪಾಟಕೆಟ್ ಜಲಪಾತ ಇದೆ. ಆ ನೀರನ್ನು ಕಾಲುವೆಗಳಿಗೆ ತಿರುಗಿಸಿ ಅದರ ಬಲದಿಂದ ಹತ್ತಿ ಗಿರಣಿಗಳನ್ನು ನಡೆಸಿದರು. ಮೊದಲ ಗಿರಣಿ ಶುರುವಾದದ್ದು 1823ರಲ್ಲಿ. ನೀರು, ಚಕ್ರ, ಬಂಡವಾಳದ ಕಥೆ ಬೇಕಾದಷ್ಟು ಸಿಗುತ್ತದೆ. ನನಗೆ ಮಾತಾಡಬೇಕಿರುವುದು ಮಗ್ಗದ ಮುಂದೆ ನಿಂತ ಹುಡುಗಿಯರ ಬಗ್ಗೆ, ಅದರಲ್ಲೂ ಅವರ ಗೆಳೆತನ ಮತ್ತು ಮದುವೆಯ ಬಗ್ಗೆ.

ಕಂಪನಿಗಳು ಕರೆಸಿಕೊಂಡದ್ದು ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ಕಡೆಯ ರೈತರ ಮನೆ ಹೆಣ್ಣುಮಕ್ಕಳನ್ನು. ಹೆಚ್ಚಿನವರು ಹದಿನೈದರಿಂದ ಮೂವತ್ತರೊಳಗಿನವರು, ಮದುವೆಯಾಗದವರು. ವಾರಕ್ಕೆ ಸುಮಾರು 73 ಗಂಟೆ ಕೆಲಸ. ಇರುವುದಕ್ಕೆ ಕಂಪನಿಯೇ ಕಟ್ಟಿಸಿದ ಇಟ್ಟಿಗೆಯ ಬೋರ್ಡಿಂಗ್ ಮನೆ. ಒಂದೊಂದು ಮನೆಯಲ್ಲಿ ಇಪ್ಪತ್ತೈದು, ಮೂವತ್ತು ಜನ. ಒಂದು ಕೋಣೆಯಲ್ಲಿ ನಾಲ್ಕರಿಂದ ಆರು ಹುಡುಗಿಯರು, ಒಂದು ಮಂಚಕ್ಕೆ ಇಬ್ಬರು. ಅಡುಗೆ ಮಾಡಿ ಹಾಕಿ ಮನೆ ನೋಡಿಕೊಳ್ಳುವವಳು ಬಹಳ ಕಡೆ ಒಬ್ಬ ವಿಧವೆ.

ಹೊಸದಾಗಿ ಬಂದವಳಿಗೆ ಕೆಲಸ ಹೇಳಿಕೊಡುತ್ತಿದ್ದವಳು ಮೇಸ್ತ್ರಿ ಅಲ್ಲ, ಪಕ್ಕದ ಮಗ್ಗದ ಹುಡುಗಿ. ಎಷ್ಟೋ ಸಲ ಅವಳು ಇವಳ ಊರಿನವಳೇ, ಇಲ್ಲವೇ ಅಕ್ಕ, ಚಿಕ್ಕಮ್ಮನ ಮಗಳು. ಒಬ್ಬಳಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬಳು ಅವಳ ಮಗ್ಗವನ್ನೂ ನೋಡಿಕೊಳ್ಳುತ್ತಿದ್ದಳು. ಗಿರಣಿಯಲ್ಲಿ ಒಟ್ಟಿಗೆ, ಊಟದ ಮೇಜಿನಲ್ಲಿ ಒಟ್ಟಿಗೆ, ಮಲಗುವುದೂ ಒಟ್ಟಿಗೆ. ಹಳ್ಳಿಯಲ್ಲಿದ್ದರೆ ಯಾವ ಹುಡುಗ ಮನೆಗೆ ಬರಬಹುದು, ಯಾವನು ಬೇಡ ಅಂತ ತಂದೆ ತಾಯಿ ನೋಡುತ್ತಿದ್ದರು. ಇಲ್ಲಿ ಆ ಜಾಗಕ್ಕೆ ಬಂದವರು ಗೆಳತಿಯರು. ಅದರ ಜೊತೆಗೆ ಕೈಯಲ್ಲಿ ಸ್ವಂತ ದುಡ್ಡು. ಇವೆರಡೂ ಸೇರಿ ಈ ಹುಡುಗಿಯರಿಗೆ ಸಿಕ್ಕ ದೊಡ್ಡ ವಸ್ತು ಸಮಯ ಅಂತ ನನಗೆ ಅನ್ನಿಸುತ್ತದೆ. ಬಂದ ಮೊದಲ ಸಂಬಂಧಕ್ಕೆ ಹೂಂ ಅನ್ನದೆ ಎರಡು ವರ್ಷ ಕಾಯುವ ಸಮಯ. ನೀವೇನು ಹೇಳುತ್ತೀರಿ?

ಗದಗಿನ ಬಸವರಾಜ

ಮೇಡಂ, ಭಾಳ ಛಲೋ ವಿಷಯ ಎತ್ತೀರಿ. ನನಗ ಮೊದಲ ಬರೂ ಪ್ರಶ್ನೆ ಅಂದ್ರ, ಆ ಕಾಲದಾಗ ರೈತ ಮಂದಿ ತಮ್ಮ ಹದಿನೆಂಟು ವರ್ಷದ ಮಗಳನ್ನ ನೂರು ಮೈಲಿ ದೂರ, ಗುರ್ತಿಲ್ಲದ ಊರಿಗೆ ಹೆಂಗ ಕಳಿಸಿದ್ರು? ಮಾನ ಮರ್ಯಾದಿ ಅಂತ ಅವರಿಗೂ ಇದ್ದೇ ಇರ್ತದ. ಪಗಾರ ಅಷ್ಟು ಛಲೋ ಇತ್ತೇನು?

ಸುಧಾ, ಚೆಲ್ಮ್ಸ್‌ಫರ್ಡ್

ಬಸವರಾಜ ಅವರೇ, ತಂದೆ ತಾಯಿಯ ಅಳುಕು ಕಂಪನಿಯವರಿಗೆ ಚೆನ್ನಾಗಿ ಗೊತ್ತಿತ್ತು. ಬೋರ್ಡಿಂಗ್ ಮನೆಯ ಏರ್ಪಾಡು ಹುಟ್ಟಿದ್ದೇ ಅದಕ್ಕೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು, ಸರಿಯಾದ ಕಾರಣವಿಲ್ಲದೆ ಆಮೇಲೆ ಯಾರನ್ನೂ ಒಳಗೆ ಬಿಡಕೂಡದು. ಭಾನುವಾರ ಚರ್ಚಿಗೆ ಹೋಗಲೇಬೇಕು. ನಡತೆ ಸರಿಯಿಲ್ಲದವರ ಹೆಸರನ್ನು ಮನೆ ನಡೆಸುವವಳು ಕಂಪನಿಗೆ ತಿಳಿಸಬೇಕು. ಇದೆಲ್ಲ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ ನಿಯಮ.

ಸಂಬಳ ಆಗಿನ ಲೆಕ್ಕಕ್ಕೆ ಒಳ್ಳೆಯದೇ. 1830ರ ದಶಕದಲ್ಲಿ ವಾರಕ್ಕೆ ಮೂರು ಡಾಲರ್‌ಗಿಂತ ಸ್ವಲ್ಪ ಹೆಚ್ಚು, ಅದರಲ್ಲಿ ಊಟ ವಸತಿಗೆ ಒಂದೂಕಾಲು ಡಾಲರ್ ಹೋಗುತ್ತಿತ್ತು. ಮನೆಗೆಲಸಕ್ಕೋ ಹೊಲಿಗೆಗೋ ಹೋದರೆ ಇಷ್ಟು ಉಳಿಯುತ್ತಿರಲಿಲ್ಲ. ಹುಡುಗಿಯರ ಉಳಿತಾಯಕ್ಕೆಂದೇ ಅನ್ನುವ ಹಾಗೆ 1829ರಲ್ಲಿ ಲೋವೆಲ್‌ನಲ್ಲಿ ಉಳಿತಾಯ ಬ್ಯಾಂಕು ಶುರುವಾಯಿತು. ಕೆಲವರು ತಮ್ಮನನ್ನು ಕಾಲೇಜಿಗೆ ಕಳಿಸಿದರು, ಕೆಲವರು ಅಪ್ಪನ ಸಾಲ ತೀರಿಸಿದರು. ಬಹಳ ಜನ ಬಟ್ಟೆ ಕೊಂಡರು, ಮದುವೆಗೆಂದು ಕೂಡಿಟ್ಟರು.

ಮೇರಿ ಪಾಲ್ ಅನ್ನುವ ವರ್ಮಾಂಟಿನ ಹುಡುಗಿ ತಂದೆಗೆ ಬರೆದ ಪತ್ರಗಳು ಉಳಿದಿವೆ. 1845ರಲ್ಲಿ ಅವಳಿಗೆ ಹದಿನೈದು ವರ್ಷ. ಲೋವೆಲ್‌ಗೆ ಹೋಗಲು ಒಪ್ಪಿಗೆ ಕೊಡಿ, ಇಲ್ಲಿ ಸುಮ್ಮನೆ ಇರುವುದಕ್ಕಿಂತ ಅದೇ ಮೇಲು ಅಂತ ಕೇಳಿಕೊಳ್ಳುತ್ತಾಳೆ. ಅಪ್ಪ ಒಪ್ಪುತ್ತಾನೆ. ಅಲ್ಲಿ ಸೇರಿದ ಮೇಲೆ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ ದಿನಚರಿ ಇದೆ. ಏಳಕ್ಕೆ ಗಿರಣಿ, ಹನ್ನೆರಡೂವರೆಗೆ ಊಟ, ಒಂದಕ್ಕೆ ವಾಪಸ್, ಸಂಜೆ ಏಳೂವರೆವರೆಗೆ ಕೆಲಸ. ಚಳಿಗಾಲದ ಕಡಿಮೆ ಹೊತ್ತಿನ ದಿನದ ಲೆಕ್ಕ ಇದು. ಅದೇ ಪತ್ರದಲ್ಲಿ ಒಬ್ಬ ಹುಡುಗಿ ಬಿದ್ದು ಕುತ್ತಿಗೆ ಮುರಿದು ಸತ್ತ ಸುದ್ದಿಯೂ ಇದೆ. ಆ ಎರಡನ್ನೂ ಅವಳು ಒಂದೇ ಧಾಟಿಯಲ್ಲಿ ಬರೆಯುತ್ತಾಳೆ.

ವಸುಂಧರಾ, ಹಾಸನ

ಸುಧಾ ಅವರೇ, ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ನಿಮ್ಮ ಮಾತಿನಲ್ಲಿ ಸತ್ಯ ಇದೆ, ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಗೆಳತಿಯರು ಕಾವಲು ಕಾಯುತ್ತಿದ್ದರು ಅನ್ನುವುದನ್ನು ನೀವು ರಕ್ಷಣೆ ಅಂತ ಓದುತ್ತಿದ್ದೀರಿ. ಕಂಪನಿಯವರು ಅದನ್ನೇ ತಮ್ಮ ಪೊಲೀಸು ಅಂತ ಓದಿದರು. ಹೆನ್ರಿ ಮೈಲ್ಸ್ ಎಂಬ ಪಾದ್ರಿ 1845ರಲ್ಲಿ ಲೋವೆಲ್ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಹೊಗಳಿಯೇ ವಿವರಿಸುತ್ತಾನೆ. ಒಬ್ಬಳ ನಡತೆ ಮೇಲೆ ಸಂಶಯ ಬಂದರೆ ಸಾಕು, ಮನೆಯ ಉಳಿದವರು ಅವಳ ಜೊತೆ ಬೀದಿಯಲ್ಲಿ ನಡೆಯುವುದಿಲ್ಲ, ಮಾತಾಡುವುದಿಲ್ಲ. ಅವಳನ್ನು ಹೊರಗೆ ಹಾಕದಿದ್ದರೆ ನಾವೆಲ್ಲ ಮನೆ ಬಿಡುತ್ತೇವೆ ಅಂತ ಮನೆ ನಡೆಸುವವಳನ್ನು ಹೆದರಿಸುತ್ತಾರೆ. ಕೊನೆಗೆ ಆ ಹುಡುಗಿ ಕೆಲಸವನ್ನೂ ಮನೆಯನ್ನೂ ಕಳೆದುಕೊಳ್ಳುತ್ತಾಳೆ. ಸಂಶಯ ಸುಳ್ಳಾಗಿದ್ದರೆ? ಅವಳ ಪರ ಮಾತಾಡುವವರು ಯಾರು?

ಸಾರಾ ಕಾರ್ನೆಲ್ ಕತೆ ನಿಮಗೆ ಗೊತ್ತಿರಬಹುದು. ಗಿರಣಿಯಿಂದ ಗಿರಣಿಗೆ ತಿರುಗಿದವಳು, ಲೋವೆಲ್‌ನಲ್ಲೂ ಕೆಲಸ ಮಾಡಿದ್ದಳು. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆಯೇ ಅವಳ ಬಳಗ, ಆ ಸಭೆ ಅವಳನ್ನು ಹೊರಗೆ ಹಾಕಿತ್ತು. 1832ರ ಡಿಸೆಂಬರ್ 21ರಂದು ಫಾಲ್ ರಿವರ್ ಎಂಬ ಊರಿನ ಹತ್ತಿರದ ಒಂದು ಹೊಲದಲ್ಲಿ ಅವಳ ಹೆಣ ನೇಣಿನಲ್ಲಿ ಸಿಕ್ಕಿತು. ಅವಳು ಗರ್ಭಿಣಿ. ಎಫ್ರೈಮ್ ಏವರಿ ಎಂಬ ವಿವಾಹಿತ ಪಾದ್ರಿಯ ಮೇಲೆ ಕೊಲೆ ಆರೋಪ ಬಂತು. 1833ರಲ್ಲಿ ವಿಚಾರಣೆ ನಡೆದು ಅವನು ಬಿಡುಗಡೆಯಾದ. ನ್ಯಾಯಾಲಯದಲ್ಲಿ ಅವನ ಪರದವರು ದಿನಗಟ್ಟಲೆ ಮಾಡಿದ ಕೆಲಸ ಏನು ಅಂದರೆ ಸತ್ತವಳ ನಡತೆಯನ್ನು ಎಳೆದೆಳೆದು ತೋರಿಸುವುದು. ಅವಳೊಡನೆ ಕೆಲಸ ಮಾಡಿದ ಹೆಂಗಸರನ್ನೇ ಕರೆತಂದು ಸಾಕ್ಷಿ ಹೇಳಿಸಿದರು.

ಹಾಗಾಗಿ ಗೆಳೆತನ ಸಮಯ ಕೊಟ್ಟಿತು ಅನ್ನುವಾಗ ಯಾರಿಗೆ ಕೊಟ್ಟಿತು ಅಂತ ಕೇಳಬೇಕು. ಗುಂಪಿನ ಒಳಗಿದ್ದವಳಿಗೆ ಕೊಟ್ಟಿತು.

ನೇತ್ರಾ, ಪೀಣ್ಯ

ಅಕ್ಕ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ ಕೆಲಸ ಮಾಡಿದವಳು, ಹಾಸ್ಟೆಲ್‌ನಲ್ಲೂ ಇದ್ದೆ. ವಸುಂಧರಾ ಮೇಡಂ ಹೇಳಿದ್ದನ್ನ ಓದಿ ಹೊಟ್ಟೆಗೆ ಸಂಕಟ ಆಯ್ತು. ಆದರೆ ಸುಧಕ್ಕ ಹೇಳಿದ್ದೂ ನಿಜಾನೇ. ನಮ್ಮ ರೂಮಿನಲ್ಲಿ ಒಬ್ಬಳಿಗೆ ಸಂಬಂಧ ಬಂದಾಗ ಆ ಹುಡುಗ ಎಂಥವನು ಅಂತ ಅವನ ಕಂಪನಿ ಗೇಟಿನ ಹತ್ರ ಹೋಗಿ ವಿಚಾರಿಸಿದ್ದು ನಾವೇ, ಅವರಮ್ಮ ಅಲ್ಲ.

ನನ್ನ ಪ್ರಶ್ನೆ ಬೇರೆ. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಹತ್ತಕ್ಕೆ ಬಾಗಿಲು, ಒಂದು ಮಂಚಕ್ಕೆ ಇಬ್ಬರು. ಹಾಗಾದರೆ ಅವರು ಹುಡುಗರನ್ನ ನೋಡ್ತಿದ್ದದ್ದು ಎಲ್ಲಿ, ಯಾವಾಗ?

ಸುಧಾ, ಚೆಲ್ಮ್ಸ್‌ಫರ್ಡ್

ನೇತ್ರಾ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಸಂಜೆ ಏಳೂವರೆಯಿಂದ ಹತ್ತು, ಮತ್ತೆ ಭಾನುವಾರ. ಅಷ್ಟರಲ್ಲೇ ಎಲ್ಲ ಆಗಬೇಕು. ಬೋರ್ಡಿಂಗ್ ಮನೆಯಲ್ಲಿ ಎಲ್ಲರಿಗೂ ಸೇರಿದ ಒಂದು ಹಜಾರ ಇರುತ್ತಿತ್ತು. ನೋಡಲು ಬಂದ ಹುಡುಗ ಅಲ್ಲೇ ಕೂರಬೇಕು, ಸುತ್ತ ಹತ್ತು ಜನ ಹೊಲಿಯುತ್ತಲೋ ಓದುತ್ತಲೋ ಇರುತ್ತಾರೆ. ಕೆಲವು ಮನೆಗಳಲ್ಲಿ ಹುಡುಗಿಯರೇ ದುಡ್ಡು ಹಾಕಿ ಪಿಯಾನೊ ತಂದಿಟ್ಟಿದ್ದರು. 1842ರಲ್ಲಿ ಲೋವೆಲ್ ನೋಡಲು ಬಂದ ಚಾರ್ಲ್ಸ್ ಡಿಕನ್ಸ್‌ಗೆ ಇದು ಎಷ್ಟು ಆಶ್ಚರ್ಯವಾಯಿತು ಅಂದರೆ ಇಂಗ್ಲೆಂಡಿನ ಓದುಗರು ಇದನ್ನು ಓದಿ ಬೆಚ್ಚಿಬೀಳುತ್ತಾರೆ ಅಂತಲೇ ಬರೆದ. ಚರ್ಚಿನ ಹಾಡಿನ ತರಗತಿ ಇತ್ತು, ಲೈಸಿಯಂ ಸಭಾಂಗಣದಲ್ಲಿ ಉಪನ್ಯಾಸ ಇತ್ತು. ಭಾನುವಾರ ಕಾಲುವೆ ಪಕ್ಕ, ನದಿ ಪಕ್ಕ ಗುಂಪಾಗಿ ನಡೆದಾಡುತ್ತಿದ್ದರು. ಗುಂಪಾಗಿ ಹೋದರೆ ಮಾತಿಲ್ಲ. ಆ ಗುಂಪಿನಲ್ಲಿ ಒಬ್ಬಳು ನಾಲ್ಕು ಹೆಜ್ಜೆ ಹಿಂದೆ ಉಳಿದು ಯಾರ ಜೊತೆಗಾದರೂ ಮಾತಾಡುತ್ತಿದ್ದರೆ ಉಳಿದವರು ತಿರುಗಿ ನೋಡುತ್ತಿರಲಿಲ್ಲ ಅಂತ ನಾನು ಊಹಿಸಿಕೊಳ್ಳುತ್ತೇನೆ.

ಇನ್ನೊಂದು ದಾರಿ ಬರವಣಿಗೆ. ಇದು ನನಗೆ ಬಹಳ ಪ್ರಿಯವಾದ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಏಬಲ್ ಥಾಮಸ್ ಎಂಬ ಪಾದ್ರಿಯ ಚರ್ಚಿನಲ್ಲಿ ಹುಡುಗಿಯರು ತಾವು ಬರೆದದ್ದನ್ನು ಓದುವ ಕೂಟ ನಡೆಯುತ್ತಿತ್ತು. ಅಲ್ಲಿಂದ 1840ರಲ್ಲಿ ‘ಲೋವೆಲ್ ಆಫರಿಂಗ್’ ಪತ್ರಿಕೆ ಹುಟ್ಟಿತು. ಮುಂದೆ ಅದನ್ನು ಸಂಪಾದಿಸಿದವರು ಹ್ಯಾರಿಯೆಟ್ ಫಾರ್ಲೆ ಮತ್ತು ಹ್ಯಾರಿಯಟ್ ಕರ್ಟಿಸ್, ಇಬ್ಬರೂ ಗಿರಣಿಯಲ್ಲಿ ದುಡಿದವರೇ. 1845ರವರೆಗೆ ನಡೆಯಿತು.

ಆ ಬಳಗದ ಇಬ್ಬರನ್ನು ನೋಡಿ. ಹ್ಯಾರಿಯೆಟ್ ಹ್ಯಾನ್ಸನ್ ಮತ್ತು ಲೂಸಿ ಲಾರ್ಕಮ್. ಇಬ್ಬರ ತಾಯಂದಿರೂ ವಿಧವೆಯರು, ಇಬ್ಬರೂ ಲೋವೆಲ್‌ನಲ್ಲಿ ಬೋರ್ಡಿಂಗ್ ಮನೆ ನಡೆಸಿದವರು. ಮಕ್ಕಳಿಬ್ಬರೂ ಹನ್ನೆರಡು ತುಂಬುವ ಮೊದಲೇ ಗಿರಣಿಗೆ ಹೋದವರು. ಪುಸ್ತಕ ಒಳಗೆ ತರಬಾರದು ಅಂತ ನಿಯಮ ಇದ್ದದ್ದರಿಂದ ಲೂಸಿ ಪತ್ರಿಕೆಯ ಕವಿತೆಗಳನ್ನು ಕತ್ತರಿಸಿ ತನ್ನ ಕಿಟಕಿಯ ಪಕ್ಕ ಅಂಟಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ಹ್ಯಾರಿಯೆಟ್ ಬರೆದ ಕವಿತೆ ಸ್ಥಳೀಯ ಪತ್ರಿಕೆಗೆ ಹೋಗಿ, ಅದರ ಮೂಲಕ ವಿಲಿಯಂ ರಾಬಿನ್ಸನ್ ಎಂಬ ತರುಣ ಪತ್ರಕರ್ತನ ಪರಿಚಯವಾಯಿತು. ಗುಲಾಮಗಿರಿಯ ಕಡು ವಿರೋಧಿ, ಕೈಯಲ್ಲಿ ಕಾಸಿಲ್ಲದವನು. 1848ರಲ್ಲಿ ಮದುವೆಯಾದರು. ಬಹಳ ವರ್ಷ ಬಡತನ ಇತ್ತು, ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ.

ಲೂಸಿಗೂ ಮದುವೆ ನಿಶ್ಚಯವಾಗಿತ್ತು, ಅಕ್ಕನ ಮೈದುನನೊಂದಿಗೆ. ಅಕ್ಕನ ಸಂಸಾರದ ಜೊತೆ 1846ರಲ್ಲಿ ಇಲಿನಾಯ್‌ಗೆ ಹೋದಳು, ಅಲ್ಲಿ ಶಾಲೆಯಲ್ಲಿ ಪಾಠ ಮಾಡಿದಳು. ಹುಡುಗ ಚಿನ್ನದ ಹುಚ್ಚಿನ ಕಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟ. ಇವಳು ಹೋಗಲಿಲ್ಲ. ಕೊನೆಗೆ ಬೇಡ ಅಂದಳು, ಮತ್ತೆ ಮದುವೆಯ ಮಾತೆತ್ತಲಿಲ್ಲ. ವೀಟನ್ ಸೆಮಿನರಿ ಎಂಬ ಹುಡುಗಿಯರ ಶಾಲೆಯಲ್ಲಿ ಅಧ್ಯಾಪಕಿಯಾದಳು, ಹೆಸರಾದ ಕವಿಯಾದಳು. ಹ್ಯಾರಿಯೆಟ್ ಮತ್ತು ಲೂಸಿಯ ಗೆಳೆತನ 1893ರಲ್ಲಿ ಲೂಸಿ ಸಾಯುವವರೆಗೂ ಉಳಿಯಿತು. ಒಬ್ಬಳು ಹೂಂ ಅಂದಳು, ಒಬ್ಬಳು ಊಹೂಂ ಅಂದಳು, ಇಬ್ಬರಿಗೂ ಅದನ್ನು ಹೇಳುವ ಧೈರ್ಯ ಒಂದೇ ಕಡೆಯಿಂದ ಬಂತು ಅಂತ ನನ್ನ ನಂಬಿಕೆ.

ವಸುಂಧರಾ ಅವರಿಗೆ: ಕಾರ್ನೆಲ್ ವಿಷಯ ಎತ್ತಿದ್ದಕ್ಕೆ ಧನ್ಯವಾದ. ನೀವು ಕೇಳಿದ ‘ಯಾರಿಗೆ’ ಅನ್ನುವುದಕ್ಕೆ ಒಂದು ಸೇರಿಸುತ್ತೇನೆ. ಹ್ಯಾರಿಯೆಟ್ ಹ್ಯಾನ್ಸನ್ ತಮ್ಮ ನೆನಪಿನ ಪುಸ್ತಕದಲ್ಲಿ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸರ ಬಗ್ಗೆ ಬರೆಯುತ್ತಾರೆ. ಆಗಿನ ಕಾನೂನಿನಲ್ಲಿ ಹೆಂಡತಿಯ ಸಂಬಳ ಗಂಡನಿಗೆ ಸೇರಿದ್ದು. ಅವನು ಗಿರಣಿಗೆ ಬಂದು ಕೇಳಿದರೆ ಕೊಡಬೇಕಾಗುತ್ತಿತ್ತು. ಅದಕ್ಕೆ ಅವರು ಬೇರೆ ಹೆಸರಿನಲ್ಲಿ ದುಡಿಯುತ್ತಿದ್ದರು. ಸುತ್ತಲಿನವರು ಬಾಯಿ ಬಿಡದೆ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಗಳಿಕೆಯ ಮೇಲೆ ಹಕ್ಕು ಬಂದದ್ದು 1855ರ ಕಾಯಿದೆಯಿಂದ. ಮದುವೆಯಾದ ದಿನವೇ ಬ್ಯಾಂಕಿನ ಪುಸ್ತಕ ಗಂಡನದಾಗುತ್ತದೆ ಅಂತ ಗೊತ್ತಿದ್ದವಳು ಎರಡು ವರ್ಷ ತಡ ಮಾಡಿದರೆ ಆಶ್ಚರ್ಯ ಏನು? ಗಿರಣಿಗೆ ಹೋದವರು ತಮ್ಮ ಊರಿನ ಓರಗೆಯವರಿಗಿಂತ ಸರಾಸರಿ ಎರಡು ವರ್ಷ ತಡವಾಗಿ ಮದುವೆಯಾದರು, ರೈತರನ್ನು ಮದುವೆಯಾದದ್ದೂ ಕಡಿಮೆ. ಇತಿಹಾಸಕಾರ ಥಾಮಸ್ ಡಬ್ಲಿನ್ ಕಂಪನಿಯ ಕಡತ ಮತ್ತು ಹಳ್ಳಿಗಳ ದಾಖಲೆ ಎರಡನ್ನೂ ಇಟ್ಟುಕೊಂಡು ತೋರಿಸಿದ ಸಂಗತಿ ಇದು.

ಗದಗಿನ ಬಸವರಾಜ

ಇಷ್ಟು ಗೆಳೆತನ ಇದ್ದಮ್ಯಾಲೆ ಮುಷ್ಕರ ಆಗಿರಲೇಬೇಕಲ್ಲರೀ? ನಮ್ಮ ಕಡೆ ಮಿಲ್ಲಿನಾಗ ದುಡಿದವರು ಹೇಳ್ತಿದ್ರು, ಜತಿಗೆ ಉಂಡವರೇ ಜತಿಗೆ ಹೊರಗ ಬರ್ತಾರ ಅಂತ.

ವಸುಂಧರಾ, ಹಾಸನ

ಆಗಿತ್ತು. ಇದನ್ನು ನಾನೇ ಬರೆಯುತ್ತೇನೆ, ಸುಧಾ ಅವರ ವಾದಕ್ಕೆ ನನ್ನ ಕಡೆಯಿಂದ ಕೊಡುಗೆ ಅಂತ ಇಟ್ಟುಕೊಳ್ಳಿ. 1834ರ ಫೆಬ್ರವರಿಯಲ್ಲಿ ಸಂಬಳ ಕಡಿತ ಮಾಡುತ್ತೇವೆ ಅಂದರು. ಹುಡುಗಿಯರು ಗಿರಣಿಯೊಳಗೆ ಸಭೆ ಸೇರತೊಡಗಿದರು. ಮುಂದಾಳಾಗಿದ್ದ ಒಬ್ಬಳನ್ನು ವ್ಯವಸ್ಥಾಪಕ ಕೆಲಸದಿಂದ ತೆಗೆದ. ಅವಳು ಹೊರಗೆ ನಡೆದು ಬಂದು ತನ್ನ ತಲೆಯ ಟೊಪ್ಪಿಗೆಯನ್ನು ಗಾಳಿಯಲ್ಲಿ ಬೀಸಿದಳು. ಕಿಟಕಿಯಿಂದ ನೋಡುತ್ತಿದ್ದವರು ಮಗ್ಗ ಬಿಟ್ಟು ಇಳಿದು ಬಂದರು. ಸುಮಾರು 800 ಜನ ಮೆರವಣಿಗೆ ಹೋದರು. ಉಳಿತಾಯ ಬ್ಯಾಂಕಿಗೆ ನುಗ್ಗಿ ತಮ್ಮ ದುಡ್ಡು ವಾಪಸ್ ತೆಗೆದರು. ಆ ಸಲ ಸೋತರು.

1836ರಲ್ಲಿ ಊಟ ವಸತಿಯ ದರ ಏರಿಸಿದಾಗ ಮತ್ತೆ ಹೊರಬಂದರು, ಈ ಸಲ ಇನ್ನೂ ಹೆಚ್ಚು ಜನ, ತಿಂಗಳುಗಟ್ಟಲೆ. ಕಂಪನಿಗಳು ಕೆಲವು ಕಡೆ ದರ ಹಿಂದಕ್ಕೆ ತೆಗೆದುಕೊಂಡವು. ಮೆರವಣಿಗೆಯಲ್ಲಿ ಹಾಡಿದ್ದು ಏನು ಗೊತ್ತೇ? ಸನ್ಯಾಸಿನಿ ಆಗಲೊಲ್ಲೆ ಅಂತ ಹುಡುಗಿಯೊಬ್ಬಳು ಹಾಡುವ ಆಗಿನ ಜನಪ್ರಿಯ ಪ್ರೇಮಗೀತೆಗೆ ಹೊಸ ಮಾತು ಹಾಕಿ, ನಾನು ಗುಲಾಮಳಾಗಲೊಲ್ಲೆ ಅಂತ ಹಾಡಿದರು. ಹನ್ನೊಂದು ವರ್ಷದ ಹ್ಯಾರಿಯೆಟ್ ಹ್ಯಾನ್ಸನ್ ಕೂಡ ಅಲ್ಲಿದ್ದಳು. ಅವಳ ಕೋಣೆಯ ದೊಡ್ಡವರು ಹೋಗುವುದೋ ಬಿಡುವುದೋ ಅಂತ ಅನುಮಾನಿಸುತ್ತ ನಿಂತಾಗ ಯಾರು ಬರಲಿ ಬಿಡಲಿ ನಾನು ಹೋಗುತ್ತೇನೆ ಅಂತ ಹೊರಟಳು. ತಿರುಗಿ ನೋಡಿದರೆ ಎಲ್ಲರೂ ಹಿಂದೆ ಬರುತ್ತಿದ್ದರು. ಅದಕ್ಕೆ ಬೆಲೆ ತೆತ್ತವರು ಅವಳ ತಾಯಿ. ದೊಡ್ಡ ಹುಡುಗಿಯರನ್ನು ತಡೆಯಲು ನಿನ್ನಿಂದ ಆಗಲಿಲ್ಲ ಸರಿ, ನಿನ್ನ ಮಗುವನ್ನಾದರೂ ತಡೆಯಬಹುದಿತ್ತು ಅಂತ ಹೇಳಿ ಬೋರ್ಡಿಂಗ್ ಮನೆಯ ಕೆಲಸದಿಂದ ತೆಗೆದರು.

1840ರ ದಶಕದಲ್ಲಿ ಸಾರಾ ಬ್ಯಾಗ್ಲಿ ದಿನಕ್ಕೆ ಹತ್ತು ಗಂಟೆ ಕೆಲಸಕ್ಕಾಗಿ ಹೆಂಗಸರ ಸಂಘ ಕಟ್ಟಿದರು, 1845ರಲ್ಲಿ ಶಾಸಕರ ಸಮಿತಿ ಮುಂದೆ ಹೋಗಿ ಸಾಕ್ಷಿ ಹೇಳಿದರು. ಅವರು ಮದುವೆಯಾದದ್ದು ನಲವತ್ತರ ಮೇಲೆ.

ರೇಷ್ಮಾ, ಮಂಗಳೂರು

ಎಲ್ಲರದ್ದೂ ಓದಿದೆ. ಆದರೆ ಒಂದು ಮಾತು ಹೇಳಲೇಬೇಕು. ಗುಲಾಮಳಾಗಲೊಲ್ಲೆ ಅಂತ ಹಾಡಿದ ಹುಡುಗಿಯರು ನೂಲುತ್ತಿದ್ದ ಹತ್ತಿ ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರು ಬಿಡಿಸಿದ್ದು. ಅಲ್ಲಿ ತಯಾರಾದ ಒರಟು ಬಟ್ಟೆ ಮತ್ತೆ ಗುಲಾಮರ ಮೈಗೇ ಹೋಗುತ್ತಿತ್ತು, ಅದರ ಹೆಸರೇ ‘ಲೋವೆಲ್ ಬಟ್ಟೆ’. ಆ ಮಗ್ಗದ ಕೆಲಸ ಕರಿಯ ಹುಡುಗಿಯರಿಗೆ ಸಿಗುತ್ತಿರಲಿಲ್ಲ. ಹಾಗಾದರೆ ಅದೇ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ದುಡಿದು ತಿನ್ನುತ್ತಿದ್ದ ಕರಿಯ ಹುಡುಗಿಯ ಗೆಳೆತನ ಹೇಗಿತ್ತು? ಅದಕ್ಕೂ ಪತ್ರಗಳಿವೆ.

ಆಡಿ ಬ್ರೌನ್, ಹುಟ್ಟಿದ್ದು 1841ರಲ್ಲಿ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಸುತ್ತಮುತ್ತ, ಕೆಲಕಾಲ ನ್ಯೂಯಾರ್ಕಿನಲ್ಲಿ, ಮನೆಗೆಲಸ ಮತ್ತು ಹೊಲಿಗೆ ಮಾಡಿ ಬದುಕಿದವಳು. ತನ್ನದು ಅನ್ನುವ ಮನೆ ಇಲ್ಲ. ಅವಳ ಗೆಳತಿ ರೆಬೆಕಾ ಪ್ರೈಮಸ್ ಐದು ವರ್ಷ ದೊಡ್ಡವಳು, ಹಾರ್ಟ್‌ಫರ್ಡಿನ ಗೌರವಸ್ಥ ಕರಿಯ ಕುಟುಂಬದವಳು, ಶಿಕ್ಷಕಿ. ಅಂತರ್ಯುದ್ಧ ಮುಗಿದ ಮೇಲೆ 1865ರಲ್ಲಿ ಬಿಡುಗಡೆಯಾದ ಗುಲಾಮರ ಮಕ್ಕಳಿಗೆ ಕಲಿಸಲು ಮೇರಿಲ್ಯಾಂಡಿನ ರಾಯಲ್ ಓಕ್ ಎಂಬಲ್ಲಿಗೆ ಹೋದಳು. 1859ರಿಂದ 1868ರವರೆಗೆ ಆಡಿ ಅವಳಿಗೆ ಬರೆದ ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಶಾಲೆ ಹೆಚ್ಚು ಕಲಿಯದ ಕೈಬರಹ, ಮಾತಾಡಿದ ಹಾಗೇ ಕಾಗುಣಿತ. ಏನೆಲ್ಲ ಇದೆ ಗೊತ್ತುಂಟಾ! ಸಂಬಳ ಎಷ್ಟು, ಯಜಮಾನಿ ಏನಂದಳು, ಯಾವ ಬಟ್ಟೆ ಕೊಂಡೆ, ಊರಲ್ಲಿ ಯಾರಿಗೆ ಯಾರ ಮೇಲೆ ಮನಸ್ಸು, ಯಾವ ಹುಡುಗ ತನ್ನ ಹಿಂದೆ ಬಿದ್ದಿದ್ದಾನೆ. ಅದರ ನಡುವೆ ನೀನು ಹತ್ತಿರ ಇಲ್ಲದೆ ನನಗೆ ಇರಲಿಕ್ಕಾಗುವುದಿಲ್ಲ ಅಂತ ಪುಟಗಟ್ಟಲೆ.

ಒಂದು ಪತ್ರದಲ್ಲಿ ರೆಬೆಕಾಳ ತಾಯಿ ಆಡಿದ ಮಾತನ್ನು ಅವಳಿಗೇ ಬರೆಯುತ್ತಾಳೆ. ನಿಮ್ಮಿಬ್ಬರಲ್ಲಿ ಒಬ್ಬರು ಗಂಡಸಾಗಿದ್ದರೆ ನೀವು ಮದುವೆಯಾಗುತ್ತಿದ್ದಿರಿ ಅಂದರಂತೆ. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು ಅನ್ನುತ್ತಾಳೆ. ತಾಯಿ ಬೈದು ಹೇಳಿದ ಮಾತಲ್ಲ ಅದು. ಆ ಮನೆಯಲ್ಲಿ ಈ ಪ್ರೀತಿ ಎಲ್ಲರಿಗೂ ಗೊತ್ತಿತ್ತು, ಬಚ್ಚಿಡುವ ವಿಷಯ ಆಗಿರಲಿಲ್ಲ.

ಆಡಿಯನ್ನು ಮದುವೆಯಾಗಲು ಬಯಸಿದವನು ಜೋಸೆಫ್ ಟೈನ್ಸ್. ಅವನ ವಿಷಯವನ್ನೂ ಆಡಿ ಹೇಳಿಕೊಳ್ಳುವುದು ರೆಬೆಕಾಳ ಹತ್ತಿರವೇ. 1868ರಲ್ಲಿ ಅವನನ್ನು ಮದುವೆಯಾದಳು. 1870ರ ಜನವರಿಯಲ್ಲಿ ತೀರಿಕೊಂಡಳು, ಮೂವತ್ತು ತುಂಬಿರಲಿಲ್ಲ.

ಸುಧಾ ಅವರೇ, ನಿಮ್ಮ ಲೋವೆಲ್ ಹುಡುಗಿಯರಿಗೆ ತಡ ಮಾಡಲು ಸಮಯ ಸಿಕ್ಕಿತು ಅಂದಿರಿ. ಮನೆಗೆಲಸದವಳಿಗೆ ಆ ಸಮಯ ಎಲ್ಲಿಂದ? ಬೇರೆಯವರ ಮನೆಯ ಮಾಳಿಗೆಯಲ್ಲಿ ಒಬ್ಬಳೇ ಮಲಗುವವಳು. ಮೂವತ್ತು ಜನ ಗೆಳತಿಯರ ಬದಲು ಅವಳಿಗೆ ಇದ್ದದ್ದು ಒಬ್ಬಳು, ಅವಳೂ ದೂರ. ಅದಕ್ಕೇ ಅಷ್ಟು ಪತ್ರ.

ಶ್ರೀನಿವಾಸಮೂರ್ತಿ, ಮೈಸೂರು

ರೇಷ್ಮಾ ಅವರೇ, ತುಂಬ ಮನಕಲಕುವ ಬರಹ. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಒಂದು ಸಂದೇಹ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಕಾಲದ ಹೆಂಗಸರು ಒಬ್ಬರಿಗೊಬ್ಬರು ಬರೆಯುತ್ತಿದ್ದ ಧಾಟಿಯೇ ಹಾಗಿತ್ತಲ್ಲವೇ? ಇಂದಿನ ಕಣ್ಣಿನಲ್ಲಿ ಅದನ್ನು ಪ್ರೇಮ ಅಂತ ಓದುವುದು ಸರಿಯೇ?

ರೇಷ್ಮಾ, ಮಂಗಳೂರು

ಸರ್, ತಪ್ಪೇನೂ ಇಲ್ಲ. ಧಾಟಿ ಹಾಗಿತ್ತು ಅನ್ನುವುದು ನಿಜ, ಅನುಕೂಲಸ್ಥ ಮನೆತನದ ಹೆಂಗಸರ ಪತ್ರಗಳಲ್ಲೂ ಅಂಥ ಮಾತು ಬೇಕಾದಷ್ಟು ಸಿಗುತ್ತದೆ. ಆದರೆ ಆಡಿಯ ಪತ್ರದಲ್ಲಿ ಬರೀ ಧಾಟಿ ಇರುವುದಲ್ಲ. 1867ರಲ್ಲಿ ಅವಳು ಫಾರ್ಮಿಂಗ್ಟನ್‌ನ ಹುಡುಗಿಯರ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಬಿಳಿಯ ಹುಡುಗಿಯೊಬ್ಬಳು ತನ್ನ ಜೊತೆ ಮಲಗಲು ಬರುತ್ತಾಳೆ ಅಂತ ಬರೆದಾಗ ರೆಬೆಕಾಗೆ ಇಷ್ಟವಾಗುವುದಿಲ್ಲ. ನಿನಗೆ ಸೇರಿದ್ದನ್ನು ನಾನು ಅವಳಿಗೆ ಕೊಡುವುದಿಲ್ಲ ಅಂತ ಆಡಿ ಸಮಾಧಾನ ಹೇಳುತ್ತಾಳೆ. ಮುನಿಸು, ಅಸೂಯೆ, ಸಮಾಧಾನ ಎಲ್ಲ ಅಲ್ಲಿ ಉಂಟು. ನಾನು ಅದನ್ನು ಪ್ರೇಮ ಅಂತಲೇ ಓದುತ್ತೇನೆ. ಅದರ ಜೊತೆಗೇ ಟೈನ್ಸ್‌ನನ್ನು ಮದುವೆಯಾದದ್ದನ್ನೂ ಸುಳ್ಳು ಅಂತ ಹೇಳುವುದಿಲ್ಲ. ಅವಳಿಗೆ ಒಂದು ಮನೆ ಬೇಕಿತ್ತು, ಊಳಿಗ ಮಾಡಿ ಸುಸ್ತಾಗಿದ್ದಳು. ರೆಬೆಕಾಳ ಸಂಬಳದಲ್ಲಿ ಇಬ್ಬರು ಹೆಂಗಸರು ಒಂದು ಮನೆ ಮಾಡಲಿಕ್ಕೆ ಆಗ ದಾರಿಯೇ ಇರಲಿಲ್ಲ.

ನೇತ್ರಾ, ಪೀಣ್ಯ

ರೇಷ್ಮಾ, ಮನೆ ಬೇಕಿತ್ತು ಅಂದ್ರಲ್ಲ, ಅದೇ ಸರಿ. ದುಡಿಯೋ ಹುಡುಗಿಗೆ ಮದುವೆ ಅಂದ್ರೆ ಮೊದಲು ನೆನಪಾಗೋದು ಬೇರೆಯವರ ಕರೆಗಂಟೆಗೆ ಏಳದೇ ಇರೋ ಒಂದು ಬೆಳಿಗ್ಗೆ.

ಗದಗಿನ ಬಸವರಾಜ

ಹತ್ತಿ ಮಾತು ಬಂತು ಅಂತ ಹೇಳ್ತೀನಿ. 1861ರಾಗ ಅಮೆರಿಕಾದ ಅಂತರ್ಯುದ್ಧ ಶುರು ಆದ್ಮ್ಯಾಲೆ ದಕ್ಷಿಣದ ಹತ್ತಿ ನಿಂತುಹೋತು. ಆಗ ಇಂಗ್ಲೆಂಡಿನ ಗಿರಣಿಗಳಿಗೆ ಹೋದ ಹತ್ತಿಯೊಳಗ ನಮ್ಮ ಧಾರವಾಡ ಜಿಲ್ಲಾದ್ದೂ ಇತ್ತು. 1840ರ ದಶಕದಾಗನ ಕಂಪನಿ ಸರಕಾರದವರು ನ್ಯೂ ಆರ್ಲಿಯನ್ಸ್ ಬೀಜ ತಂದು ಗದಗ, ಹುಬ್ಬಳ್ಳಿ ಕಡೆ ಎರಿ ಹೊಲದಾಗ ಬಿತ್ತಿಸಿದ್ರು. ‘ಧಾರವಾಡ ಅಮೆರಿಕನ್’ ಅಂತ ಅದಕ್ಕ ಹೆಸರು. ಯುದ್ಧದ ವರ್ಷದಾಗ ರೇಟು ಏರಿ ರೈತರ ಕೈಯಾಗ ರೊಕ್ಕ ಆಡ್ತು, ಕಾರವಾರ ಬಂದರಕ್ಕ ಘಟ್ಟದ ದಾರಿ ಮಾಡೂ ಅವಸರ ಬಂದದ್ದೂ ಇದರಿಂದನ. 1865ಕ್ಕ ಯುದ್ಧ ಮುಗೀತು, ರೇಟು ಬಿತ್ತು, ಸಾಲ ಮಾಡಿದವರು ಮುಳುಗಿದ್ರು. ಆ ಹುಡುಗ್ಯಾರಿಗೆ ಅವಾಗ ಏನಾತು, ಸುಧಾ ಮೇಡಂ?

ಸುಧಾ, ಚೆಲ್ಮ್ಸ್‌ಫರ್ಡ್

ಬಸವರಾಜ ಅವರೇ, ಇಲ್ಲಿಂದ ಹೋದ ಬೀಜ ನಿಮ್ಮ ಎರೆ ಹೊಲದಲ್ಲಿ ಬೆಳೆದದ್ದು ನನಗೆ ಹೊಸ ವಿಷಯ, ಬಹಳ ಸಂತೋಷವಾಯಿತು. ಲೋವೆಲ್‌ನಲ್ಲಿ ಆದದ್ದು ಕೆಟ್ಟದ್ದು. ಯುದ್ಧ ಬೇಗ ಮುಗಿಯುತ್ತದೆ ಅಂತ ಲೆಕ್ಕ ಹಾಕಿ ದೊಡ್ಡ ಕಂಪನಿಗಳು ಕೈಲಿದ್ದ ಹತ್ತಿಯನ್ನು ಲಾಭಕ್ಕೆ ಮಾರಿ ಗಿರಣಿ ನಿಲ್ಲಿಸಿದವು. ಸುಮಾರು 10,000 ಜನರನ್ನು ಬರಿಗೈಯಲ್ಲಿ ಬೀದಿಗೆ ಕಳಿಸಿದರು ಅಂತ ಊರಿನ ಇತಿಹಾಸ ಬರೆದ ಚಾರ್ಲ್ಸ್ ಕೌಲಿ 1868ರಲ್ಲಿ ಸಿಟ್ಟಿನಿಂದ ಬರೆದಿದ್ದಾನೆ.

ಮೇರಿ ಪಾಲ್ ಅಷ್ಟರಲ್ಲಿ ಲೋವೆಲ್ ಬಿಟ್ಟಿದ್ದಳು. ಹೊಲಿಗೆ ಕೆಲಸ ಮಾಡಿದಳು. 1854ರಲ್ಲಿ ನ್ಯೂಜೆರ್ಸಿಯ ಒಂದು ಸಹಬಾಳ್ವೆಯ ಸಮುದಾಯಕ್ಕೆ ಸೇರಿದಳು. ಅಲ್ಲಿಗೆ ಹೋಗುವ ಮುಂಚೆ ಅಪ್ಪನಿಗೆ ಬರೆಯುವಾಗ ಅಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ ಅನ್ನುವುದನ್ನು ಕಾರಣವಾಗಿ ಕೊಡುತ್ತಾಳೆ. ಅದು ಮುಚ್ಚಿತು. 1857ರಲ್ಲಿ ಐಸಾಕ್ ಗಿಲ್ಡ್‌ನನ್ನು ಮದುವೆಯಾದಳು. ಅವನು ಲೋವೆಲ್‌ನಲ್ಲಿ ಅವಳಿದ್ದ ಬೋರ್ಡಿಂಗ್ ಮನೆ ನಡೆಸುತ್ತಿದ್ದವರ ಮಗ. ನೇತ್ರಾ ಕೇಳಿದ್ದಕ್ಕೆ ಇದೂ ಒಂದು ಉತ್ತರ: ಹುಡುಗ ಎಷ್ಟೋ ಸಲ ಅದೇ ಮನೆಯ ಸುತ್ತಲೇ ಇದ್ದ. ಲೋವೆಲ್‌ಗೆ ಹೊರಟಾಗ ಹದಿನೈದು, ಮದುವೆಯಾದಾಗ ಇಪ್ಪತ್ತೇಳು. ನಡುವಿನ ಹನ್ನೆರಡು ವರ್ಷ ಅವಳದೇ. ಅಪ್ಪನಿಗೆ ದುಡ್ಡು ಕಳಿಸಲು ಆಗುತ್ತಿಲ್ಲ ಅಂತ ಎಷ್ಟೋ ಪತ್ರಗಳಲ್ಲಿ ಕೊರಗುತ್ತಾಳೆ, ಆದರೂ ಮದುವೆ ಮಾಡಿಕೊಂಡು ಹಗುರಾಗುತ್ತೇನೆ ಅನ್ನುವುದಿಲ್ಲ.

ವಸುಂಧರಾ, ಹಾಸನ

ಮೇರಿ ಪಾಲ್ ಉದಾಹರಣೆ ಒಪ್ಪಿದೆ. ಆದರೆ ಅವಳು ಬಿಟ್ಟುಹೋದ ಮೇಲೆ ಆ ಮಗ್ಗಕ್ಕೆ ಬಂದವಳು ಯಾರು ಅನ್ನುವುದೂ ಬೇಕು. 1845ರಿಂದಾಚೆ ಐರ್ಲೆಂಡಿನ ಬರಗಾಲದಿಂದ ಓಡಿಬಂದವರು ಲೋವೆಲ್‌ಗೆ ತುಂಬಿದರು. 1860ರ ಹೊತ್ತಿಗೆ ಅಲ್ಲಿನ ಹ್ಯಾಮಿಲ್ಟನ್ ಗಿರಣಿ ಕಂಪನಿಯ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರದೇಶದಲ್ಲಿ ಹುಟ್ಟಿದವರು. ಐರಿಷ್ ಹುಡುಗಿಯರಲ್ಲಿ ಬಹಳ ಜನ ಇದ್ದದ್ದು ಬೋರ್ಡಿಂಗ್ ಮನೆಯಲ್ಲಿ ಅಲ್ಲ, ‘ಏಕರ್’ ಎಂಬ ಕೇರಿಯಲ್ಲಿ, ತಂದೆ ತಾಯಿ ತಮ್ಮಂದಿರ ಜೊತೆ. ಸಂಬಳ ನೇರ ತಾಯಿಯ ಕೈಗೆ. ಅವರ ಗೆಳೆತನ, ಹುಡುಗರ ಪರಿಚಯ, ಮದುವೆ ಎಲ್ಲ ನಡೆದದ್ದು ಸೇಂಟ್ ಪ್ಯಾಟ್ರಿಕ್ ಚರ್ಚಿನ ಸುತ್ತ. ಊರಿನ ಹಳೇ ಹುಡುಗಿಯರು ಅವರನ್ನು ತಮ್ಮ ಮಂಚಕ್ಕೆ ಸುಲಭವಾಗಿ ಸೇರಿಸಿಕೊಳ್ಳಲಿಲ್ಲ. ಅವರು ಪತ್ರ ಬರೆಯಲಿಲ್ಲ, ಬಹಳ ಜನಕ್ಕೆ ಬರೆಯಲು ಬರುತ್ತಿರಲಿಲ್ಲ. ಚರ್ಚಿನ ಮದುವೆಯ ದಾಖಲೆಯಲ್ಲಿ ಸಾಕ್ಷಿಗಳಾಗಿ ನಿಂತವರ ಹೆಸರುಗಳಿರುತ್ತವೆ. ಗೆಳತಿ ಯಾರು ಅಂತ ಹುಡುಕುವುದಾದರೆ ನಾನು ಅಲ್ಲಿಂದ ಶುರು ಮಾಡುತ್ತೇನೆ. ಸುಧಾ ಅವರೇ, ನೀವು ಅಷ್ಟು ಹತ್ತಿರ ಇದ್ದೀರಿ, ಆ ಪುಸ್ತಕಗಳನ್ನು ನೋಡಲು ಬಿಡುತ್ತಾರಾ ಅಂತ ಒಮ್ಮೆ ವಿಚಾರಿಸಿ.